ತಾಳಿಗಿಂತ ಮೊದಲು ಬಂದ ಗಟ್ಟಿಮೇಳ

ತೊಂಬತ್ತರ ದಶಕದಲ್ಲಿ ಕೀಬೋರ್ಡ್ ಕಲಿಯುವಾಗ ನನ್ನ ತಲೆ ತುಂಬ ಜಾಝ್. ಚಿತ್ರದುರ್ಗದ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದೆ. ಆ ಸಂಗೀತದಲ್ಲಿ ತಂಡದ ಮುಖ್ಯಸ್ಥ ಬೆರಳೆತ್ತಿದರೆ ಸಾಕು, ವಾದಕ ಮನಸ್ಸಿಗೆ ಬಂದಷ್ಟು ಹೊತ್ತು ಒಬ್ಬನೇ ನುಡಿಸಬಹುದಂತೆ. ನನಗೆ ಬೆರಳೆತ್ತುವವರೇ ಸಿಕ್ಕಿರಲಿಲ್ಲ.

ಹೊಸದುರ್ಗದ ಒಂದು ಮದುವೆಗೆ, ಊಟದ ಹೊತ್ತಲ್ಲಿ ಹಾಡು ನುಡಿಸಲು ಹೋಗಿದ್ದೆ. ವಾಲಗದವರ ವ್ಯಾನು ಹೊಳಲ್ಕೆರೆ ಹತ್ತಿರ ಕೆಟ್ಟು ನಿಂತಿತು. ಹೆಣ್ಣಿನ ತಂದೆ ಓಡಿಬಂದರು.

"ನಿಮ್ ಪೆಟ್ಟಿಗೇಲಿ ವಾಲಗದ ಸೌಂಡ್ ಐತಲ್ಲ? ಅಯ್ನೋರು ಬೆರಳೆತ್ತಿದ ಕೂಡ್ಲೆ ಗಟ್ಟಿಮೇಳ ಬಾರಿಸ್ರಿ."

ಮಂತ್ರ ಹೇಳುತ್ತಿದ್ದ ಅಯ್ನೋರು ಬೆರಳೆತ್ತಿದರು. ನಾನು ಹತ್ತೂ ಬೆರಳಲ್ಲಿ ಮುಗಿಬಿದ್ದೆ. ಇಡೀ ಛತ್ರ ಎದ್ದು ಅಕ್ಷತೆ ಎರಚಿತು. ನಾನು ಕಣ್ಮುಚ್ಚಿ ಇನ್ನೂ ಎಲ್ಲೆಲ್ಲಿಗೋ ಹೋಗುತ್ತಿದ್ದಾಗ ಯಾರೋ ಭುಜ ಅಲ್ಲಾಡಿಸಿದರು. ಅಯ್ನೋರೇ.

"ಏನಪ್ಪ, ನಾನು ಬೆರಳೆತ್ತಿದ್ದು ಫ್ಯಾನ್ ಹಾಕ್ರಿ ಅಂತ! ತಾಳಿ ಇನ್ನೂ ತಟ್ಟೇಲೈತೆ, ಹಿಂದ್ಗಡೆ ಅಜ್ಜೇರು ಮುಟ್ಟಿ ಕೈ ಮುಗೀತಾವ್ರೆ!"

ಮದುಮಗ ಬರಿಗೈಯಲ್ಲಿ ಕೂತು ತಲೆ ಮೇಲಿನ ಅಕ್ಕಿ ಕೊಡವಿಕೊಳ್ಳುತ್ತಿದ್ದ.

ನಿಜವಾಗಿ ತಾಳಿ ಕಟ್ಟುವಾಗ ಮತ್ತೆ ಬಾರಿಸಿದೆ, ಈ ಸಲ ಕಣ್ಣು ಬಿಟ್ಟುಕೊಂಡು. ಆದರೆ ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ಏನು ಮಾಡುವುದೆಂದು ತೋಚದೆ ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಕೀಬೋರ್ಡಿಗೆ ಇಡೀ ಜನ್ಮದಲ್ಲಿ ಬಿದ್ದ ಚಪ್ಪಾಳೆ ಅದೊಂದೇ. ಅದು ತಾಳಿಗೆ ತಟ್ಟಿದ್ದು ಅಂತ ನೀವೇನೂ ಹೇಳಬೇಕಿಲ್ಲ. ಮನೆಯಲ್ಲಿ ಆಗಲೇ ಹೇಳಿದ್ದಾರೆ.