ಐದನೆಯ ಗುಂಡಿಯಲ್ಲಿ ಬಿದ್ದ ಏಟು

ಇಂಥ ಕಥೆ ಹೇಳುವವರನ್ನು ಒಂದು ಕಾಲದಲ್ಲಿ ನಾನು ಎದುರೆದುರೇ ಗೇಲಿ ಮಾಡುತ್ತಿದ್ದೆ. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಯಾರಾದರೂ ತಾವು ಕಂಡದ್ದು ಕೇಳಿದ್ದು ಎಂದು ಶುರು ಮಾಡಿದರೆ "ಆಗ ಜ್ವರ ಇತ್ತಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ನನಗಿಲ್ಲ. ನೀವು ನಂಬಲೇಬೇಕು ಎಂದೂ ಹೇಳುವುದಿಲ್ಲ.

ಉಜಿರೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ ಸಂಶೋಧನೆಗೂ ಕೈಹಾಕಿದ್ದೆ. ಮರದ ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರಗಳು ನನ್ನ ವಿಷಯ. ಹೆಚ್ಚಿನವು ಕಣ್ಣಿಗೇ ಕಾಣುವುದಿಲ್ಲ. ಮೊದಲ ಮಳೆಗೆ ನಮ್ಮವರು ಕೆದಕಿ ತಂದು ಸಾರು ಮಾಡುವ ಕಲ್ಲಣಬೆ ಇವುಗಳ ದೊಡ್ಡ ನೆಂಟ. ಇವು ಮಣ್ಣಿನಿಂದ ನೀರು, ಸತ್ವ ಹೀರಿ ಮರಕ್ಕೆ ಕೊಡುತ್ತವೆ, ಮರ ಇವಕ್ಕೆ ಸಕ್ಕರೆ ಕೊಡುತ್ತದೆ. ಬೆಟ್ಟ ಏರಿದಂತೆ ಇವುಗಳ ಬಗೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ನೋಡಬೇಕಿತ್ತು. ಬಂಟ್ವಾಳದ ಹೊಳೆಬದಿಯಿಂದ ಘಟ್ಟದ ನೆತ್ತಿಯವರೆಗೆ ಐದು ಎತ್ತರಗಳಲ್ಲಿ ಗುಂಡಿ ತೋಡಿ, ಬೇರು ಸಮೇತ ಮಣ್ಣು ತರುವ ಕೆಲಸ. ನಾಲ್ಕು ಮುಗಿದಿದ್ದವು. ನಡುಬೆಟ್ಟದ ಮಣ್ಣಿನಲ್ಲೇ ಹೆಚ್ಚು ಬಗೆ ಸಿಕ್ಕಿತ್ತು, ಆದರೆ ನೆತ್ತಿಯ ಮಣ್ಣು ನೋಡದೆ ಆ ಮಾತಿಗೆ ಬೆಲೆಯಿರಲಿಲ್ಲ.

ನನ್ನ ಜೊತೆ ಬರುತ್ತಿದ್ದವರು ಜೀಪಿನ ಹಮೀದ್. ಊರವರ ಬಾಯಲ್ಲಿ ಹಮೀದಾಕ. ದುಬೈಯಲ್ಲಿ ಲಾರಿ ಓಡಿಸಿ ಬಂದ, ಐವತ್ತು ದಾಟಿದ ಮನುಷ್ಯ. ಕಾಲಿಗೆ ಕಚ್ಚಿದ ಜಿಗಣೆಯನ್ನೂ ಕೊಲ್ಲದೆ ಬಿಡಿಸಿ ಎಲೆಯ ಮೇಲೆ ಇಡುವ ಪಾಪದ ಜೀವ.

ಮಳೆ ಬಿಟ್ಟು ಮೂರು ದಿನವಾಗಿತ್ತು. ನೆತ್ತಿಯ ಇಳಿಜಾರಿನಲ್ಲಿ, ನಡುಮಧ್ಯಾಹ್ನ, ಅವರು ಗುಂಡಿ ತೋಡಿ ನಿಂತಿದ್ದರು. ನಾನು ಒಳಗೆ ಮೊಣಕಾಲೂರಿ ಬೇರು ಕತ್ತರಿಸುತ್ತಿದ್ದೆ.

"ಇದೊಂದು ಆದ್ರೆ ನಿಮ್ಮ ಮಂಡೆಬಿಸಿ ಮುಗೀತಲ್ಲ ಮಾಷ್ಟ್ರೇ?" ಎಂದರು.

"ಮುಗೀತು ಹಮೀದಾಕ. ನಾಳೆಯಿಂದ ನಿಮಗೂ ರಜೆ" ಎಂದೆ.

ಮಾತು ಮುಗಿಯುವ ಮೊದಲೇ ಗುದ್ದಲಿಯ ಕಾವು ನನ್ನ ಹೆಗಲ ಮೇಲೆ ಬಿತ್ತು. ಎಲುಬು ಮುರಿದದ್ದು ಕಿವಿಗೇ ಕೇಳಿಸಿತು. ತಿರುಗಿದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಎರಡನೆಯ ಏಟು ಬೆನ್ನಿಗೆ, ಆಮೇಲೆ ಪಕ್ಕೆಗೆ ಒದೆತ. "ಎಂತ ಮಾಡ್ತೀರಿ ಮಾರಾಯ್ರೇ!" ಎಂದು ಕಿರುಚಿದೆ. ನನ್ನ ಕಾಲು ಹಿಡಿದು ಕಲ್ಲಿನ ಮೇಲೆ ದರದರ ಎಳೆದರು. ಸತ್ತೇಹೋದೆ ಎಂದುಕೊಂಡು ಅವರ ಕೈಗೆ ಕಚ್ಚಿದೆ, ಬಾಯಿ ತುಂಬ ರಕ್ತ ಬರುವಷ್ಟು. ಒಬ್ಬರನ್ನೊಬ್ಬರು ಹೊಡೆಯುತ್ತಲೇ ಉರುಳಿ ಒಂದು ಬಂಡೆಯ ಆಚೆ ಬಿದ್ದೆವು.

ಆಗ ಬೆಟ್ಟ ಜಾರಿತು. ಬೇರುಗಳು ಹಗ್ಗದ ಹಾಗೆ ಪಟಪಟ ಹರಿದವು. ನಾವಿದ್ದ ಗುಂಡಿ, ಚೀಲಗಳು, ಸುತ್ತಲಿನ ಮರಗಳು ಎಲ್ಲ ನಿಂತಲ್ಲಿಂದಲೇ ಕೆಳಗೆ ಹೋದವು.

ಆಸ್ಪತ್ರೆಯಲ್ಲಿ ನನಗೆ ಎಚ್ಚರವಾಗುವಾಗ ಮಂಚದ ಸುತ್ತ ಗುರುತಿಲ್ಲದ ಯುವಕರು ನಿಂತಿದ್ದರು. ಜ್ವರದ ಮಂಪರಿನಲ್ಲಿ ನಾನೇ ಏನೋ ಬಡಬಡಿಸಿದ್ದೆನಂತೆ. "ಹೊಡೆದದ್ದು ಅವನೇ ಅಂತ ಪೊಲೀಸರಿಗೆ ಒಂದು ಮಾತು ಹೇಳಿ ಸಾರ್, ಮತ್ತೆ ನಾವು ನೋಡಿಕೊಳ್ತೇವೆ" ಎಂದರು. ನಮ್ಮ ಊರಿನಲ್ಲಿ ಗಾಯಕ್ಕಿಂತ ಮೊದಲು ಹೆಸರು ಕೇಳುವವರಿದ್ದಾರೆ. ನನ್ನ ಒಂದು ಮಾತಿಗೆ ಅಂಗಡಿಗಳು ಹೊತ್ತಿಕೊಳ್ಳಬಹುದಿತ್ತು, ತಲೆಗಳು ಉರುಳಬಹುದಿತ್ತು. ಹೆದರಿದೆ. ಆದರೆ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ? ಪೊಲೀಸರು ಬರುವ ಮೊದಲು ಗೋಡೆ ಹಿಡಿದುಕೊಂಡು ಹಮೀದಾಕನ ವಾರ್ಡಿಗೆ ಹೋದೆ. ಅವರ ತಲೆಗೆ ಹೊಲಿಗೆ ಬಿದ್ದಿತ್ತು.

"ಯಾಕೆ ಹೊಡೆದದ್ದು ಹಮೀದಾಕ?"

ಅವರು ನನ್ನನ್ನೇ ನೋಡಿದರು. "ನಾನಾ? ನಾನು ನಿಮ್ಮಲ್ಲಿ ಕೇಳಬೇಕಂತ ಇದ್ದೆ ಮಾಷ್ಟ್ರೇ. ಗುದ್ದಲಿ ಎಳೆದುಕೊಂಡು ತಲೆಗೆ ಹಾಕಿದ್ದು ನೀವು. ಕಾಲು ಹಿಡಿದು ಎಳೆದದ್ದು ನೀವು. ಜೀವ ಹೋಗ್ತದೆ ಅಂತ ನಾನು ಕಚ್ಚಿದ್ದು."

ಅವರ ಕೈಯಲ್ಲಿ ನನ್ನ ಹಲ್ಲಿನ ಗುರುತಿತ್ತು. ನನ್ನ ಮುಂಗೈ ನೋಡಿಕೊಂಡೆ. ಅಲ್ಲೂ ಹಲ್ಲಿನ ಗುರುತಿತ್ತು. ಇಬ್ಬರ ಕಾಲಿನ ಗಂಟಿನ ಮೇಲೂ ಬೆರಳುಗಳು ಒತ್ತಿದ ನೀಲಿ ಬಾವು. ಅವರು ಸುಳ್ಳು ಹೇಳುವವರಲ್ಲ, ನಾನೂ ಅಲ್ಲ. "ಹೊರಗೆ ನಮ್ಮ ಹುಡುಗರೂ ನನ್ನ ಒಂದು ಮಾತಿಗೆ ಕಾಯ್ತಾ ಇದ್ದಾರೆ" ಎಂದರು ಮೆಲ್ಲಗೆ.

ಜಾರಿ ಬಿದ್ದೆವು ಎಂದು ಇಬ್ಬರೂ ಬರೆಸಿದೆವು. ನನ್ನ ಪ್ರಬಂಧ ನಾಲ್ಕೇ ಎತ್ತರಕ್ಕೆ ನಿಂತಿತು.

ಬೆಟ್ಟ ಬೀಳುವುದು ಮೊದಲೇ ತಿಳಿದು ಒಬ್ಬ ಇನ್ನೊಬ್ಬನನ್ನು ಹೊಡೆದು ಹೊರಗೆಳೆದಿರಬೇಕು ಎಂದು ಲೆಕ್ಕ ಹಾಕಿ ನೋಡಿದ್ದೇನೆ. ಹಾಗಾದರೆ ಯಾರು? ಕೈಯಲ್ಲಿ ಹಿಡಿದ ಬೇರಿನಿಂದ ನನಗೇ ಏನಾದರೂ ತಿಳಿಯಿತೇ? ನನಗೆ ನೆನಪಿಲ್ಲ. ಅವರಿಗೆ ಉಪಕಾರ ಹೇಳಬೇಕೋ ಕ್ಷಮೆ ಕೇಳಬೇಕೋ ಇವತ್ತಿಗೂ ಗೊತ್ತಿಲ್ಲ. ನಾವು ಈಗಲೂ ಸ್ನೇಹಿತರೇ, ಸಿಕ್ಕಿದರೆ ಉಜಿರೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತೇವೆ. ಏಳುವಾಗ ಮಾತ್ರ ಇಬ್ಬರೂ ತಡಮಾಡುತ್ತೇವೆ. ಮೊದಲು ಎದ್ದು ಇನ್ನೊಬ್ಬನಿಗೆ ಬೆನ್ನು ಹಾಕಲು ಇಬ್ಬರಿಗೂ ಧೈರ್ಯ ಬರುವುದಿಲ್ಲ.