ತೊಗರಿ ಕೀಡಿ ತಿಂದ ಹಲ್ಲಿಗಳು

ಆ ಎರಡು ಹಲ್ಲಿಗಳು ನಮ್ಮ ಮನೆಗೆ ಬಂದದ್ದು ನನ್ನ ಸಿಟ್ಟಿನಿಂದ. ಬಸವನ ಬಾಗೇವಾಡಿಯಲ್ಲಿ ನನ್ನ ಅಕ್ಕನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ನೌಕರನೊಬ್ಬ ವರ್ಗವಾಗಿ ಹೋಗುವಾಗ ಒಂದು ಗಾಜಿನ ಪೆಟ್ಟಿಗೆಯನ್ನು ಹಾಗೇ ಬಿಟ್ಟುಹೋಗಿದ್ದ. ಒಳಗೆ ಹಳದಿ ಮೈಮೇಲೆ ಕರಿ ಚುಕ್ಕಿಗಳಿದ್ದ ಎರಡು ಪ್ರಾಣಿಗಳು. ಒಂದು ಗೇಣುದ್ದ, ಇನ್ನೊಂದು ಅದರ ಅರ್ಧ. ನಾನು ಹೋದಾಗ ಅಕ್ಕ ಕಸಬರಿಗೆ ಹಿಡಿದು ನಿಂತಿದ್ದಳು.

"ವಿಷದ ಹುಳಾ ಇದ್ದಂಗ ಅದಾವು. ಕೊಂದು ತಿಪ್ಪಿಗೆ ಒಗಿತೇನಿ," ಅಂದಳು.

"ಅವು ನಿನಗೇನ ಮಾಡ್ಯಾವು? ಒಗಿಯೂದಿದ್ರ ಬಿಟ್ಟು ಹ್ವಾದಾಂವನ್ನ ಒಗಿ," ಎಂದು ಬೈದು ಪೆಟ್ಟಿಗೆ ಎತ್ತಿಕೊಂಡು ಹೂವಿನ ಹಿಪ್ಪರಗಿಯ ಬಸ್ ಹತ್ತಿದೆ. ಹಲ್ಲಿ ಸಾಕುವುದರ ಬಗ್ಗೆ ನನಗೆ ಕವಡೆಯಷ್ಟೂ ಗೊತ್ತಿರಲಿಲ್ಲ.

ಮನೆಗೆ ಬಂದು ಆ ನೌಕರನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಅಂದೆ. ಮೂವತ್ತು ಮಕ್ಕಳನ್ನು ಒಂದೇ ದನಿಗೆ ಕೂಡಿಸುವ ಸಾಲಿ ಟೀಚರ್ ನಾನು, ಅವನೇನು ತಡೆದಾನು. ಬೈಸಿಕೊಂಡ ಮೇಲೆ ಅವನು ತಿಳಿಸಿದ್ದಿಷ್ಟು: ಇವು ಹೊರದೇಶದ ಜಾತಿ, ಗೆಕ್ಕೊ ಅನ್ನುತ್ತಾರೆ, ಗೋಡೆ ಹತ್ತುವುದಿಲ್ಲ, ವಿಷವಿಲ್ಲ, ಮೈ ಬೆಚ್ಚಗಿರಬೇಕು, ಓಡಾಡುವ ಹುಳವನ್ನಲ್ಲದೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಸಣ್ಣದರ ಕಾಲು ಸೊಟ್ಟಗಾಗಿದ್ದು ತಾನು ಸರಿಯಾಗಿ ತಿನ್ನಿಸದಿದ್ದುದರಿಂದ ಎಂದೂ ಒಪ್ಪಿಕೊಂಡ.

ನನ್ನ ಅತ್ತೆಗೆ ಎಪ್ಪತ್ತರ ಮೇಲಾಗಿದೆ. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿರುವ ಪಟ್ಟಿ ಅವರಿಗೆ ಬಾಯಿಪಾಠ. ತಲೆಗೆ ಬಿದ್ದರೆ ಇಂಥದ್ದು, ಎಡಗೈಗೆ ಬಿದ್ದರೆ ಇಂಥದ್ದು. ಮೊದಲ ವಾರ ಪೆಟ್ಟಿಗೆಯ ಹತ್ತಿರ ಹೋಗಿಬಂದರೂ ಮೈ ತೊಳೆದುಕೊಳ್ಳುತ್ತಿದ್ದರು. ನಾನು ಹಿಡಿಯುವ ಹೊತ್ತಿಗೆ ಸತ್ತೇ ಹೋಗುತ್ತಿದ್ದ ಜಿರಲೆಗಳನ್ನು ಅವು ಮೂಸಿಯೂ ನೋಡಲಿಲ್ಲ. ನಾಲ್ಕು ದಿನ ಉಪವಾಸ ಬಿದ್ದವು. ಐದನೆಯ ದಿನ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಹರಿದಾಡೂ ಹುಳಾನ ಬೇಕೇನು? ನಮ್ಮ ತೊಗರ್ಯಾಗ ಅದಕೇನ ಬರ?"

ತೊಗರಿ ಕಾಯಿ ಕಟ್ಟುವ ಕಾಲದಲ್ಲಿ ಕಾಯಿ ಕೊರೆಯುವ ಹಸಿರು ಹುಳ, ನಮ್ಮ ಮಾತಿನ ಕೀಡಿ, ಬೀಳುತ್ತದೆ. ಗಿಡದ ಬುಡಕ್ಕೆ ಚಾದರ ಹಾಸಿ, ಗಿಡ ಹಿಡಿದು ಜಾಡಿಸಿ, ಉದುರಿದ ಕೀಡಿಗಳನ್ನು ಆರಿಸಿ ಕೊಲ್ಲುವುದು ನಮ್ಮ ಕಡೆ ಹಳೆಯ ಪದ್ಧತಿ. ಅತ್ತೆ ಕೊಲ್ಲುವ ಬದಲು ಡಬ್ಬಿಗೆ ತುಂಬಿ ತಂದರು. ಮೊದಲ ಕೀಡಿ ಬಿಟ್ಟ ಕೂಡಲೇ ದೊಡ್ಡ ಹಲ್ಲಿ ಬಾಲ ಅಲುಗಿಸಿ, ಗುರಿ ಹಿಡಿದು, ಗಪ್ಪನೆ ನುಂಗಿತು. ಅತ್ತೆಗೆ ನಗು ತಡೆಯಲಾಗಲಿಲ್ಲ. "ಥೇಟ್ ನಿನ್ನ ಗಂಡನ ಹಂಗ ಉಣ್ಣತೈತಿ," ಅಂದರು. ಆಮೇಲೆ ತಿನ್ನಿಸುವ ಕೆಲಸವೆಲ್ಲ ಅವರದೇ ಆಯಿತು, ಮೈ ತೊಳೆಯುವುದೂ ನಿಂತಿತು. ಸಣ್ಣದಕ್ಕೆ ಬೆರಳಲ್ಲಿ ಕೀಡಿ ಹಿಡಿದು ಬಾಯಿಯ ಹತ್ತಿರ ಒಯ್ಯುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುವಷ್ಟು ಅವು ಅವರನ್ನು ಹಚ್ಚಿಕೊಂಡವು.

ಒಂದು ಶನಿವಾರ ಬೆಳಗಿನ ಸಾಲಿ ಮುಗಿಸಿ ಬಂದೆ. ಅತ್ತೆ ಎರಡು ದಿನ ಸಿಂದಗಿಯಲ್ಲಿ ಮಗಳ ಮನೆಯಲ್ಲಿದ್ದು ಆ ಬೆಳಿಗ್ಗೆಯಷ್ಟೇ ವಾಪಸಾಗಿದ್ದರು. ನಾನು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ. ದೊಡ್ಡದು ನಾಲ್ಕೂ ಕಾಲು ಚಾಚಿ ಬಿದ್ದಿತ್ತು, ಮೈಯೆಲ್ಲ ನಡುಗುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಸಣ್ಣದು ಮೂಲೆಯಲ್ಲಿ ತಲೆ ಎತ್ತಲಾಗದೆ ತೂಗುತ್ತಿತ್ತು.

"ಅತ್ತಿ, ಏನ ಹಾಕೀರಿ?"

"ಕೀಡಿ. ಬಸ್ ಇಳದು ಸೀದಾ ಹೊಲಕ್ಕ ಹೋಗಿ ತಂದೇನಿ. ಎರಡು ದಿನ ಉಪಾಸ ಇದ್ವಲ್ಲ."

ಅಷ್ಟರಲ್ಲಿ ಊಟಕ್ಕೆ ಬಂದ ನನ್ನ ಗಂಡ ಆ ಮಾತು ಕೇಳಿ ಹೊಸ್ತಿಲಲ್ಲೇ ನಿಂತರು. "ಯಾವ ಹೊಲದಾಗಿನ್ವು? ರೋಡಿನ ಕಡೀವು? ನಾ ನಿನ್ನಿ ಸಂಜಿಮುಂದ ಅಲ್ಲಿ ಎಣ್ಣಿ ಹೊಡದೇನಿ." ನಮ್ಮಲ್ಲಿ ಕೀಡಿ ಕೊಲ್ಲುವ ವಿಷಕ್ಕೆ ಎಣ್ಣಿ ಅಂತಲೇ ಅನ್ನುತ್ತಾರೆ. ನಶ್ಯ ಏರಿಸಿ ಏರಿಸಿ ಮರಗಟ್ಟಿದ ಅತ್ತೆಯ ಮೂಗಿಗೆ ಅದರ ವಾಸನೆ ಹತ್ತಿರಲಿಲ್ಲ.

ನಾನು ರೊಟ್ಟಿ ಡಬ್ಬಿಗೆ ಅರಿವೆ ಹಾಸಿ ಎರಡನ್ನೂ ಮಲಗಿಸಿದೆ. ಗಂಡ ಬೈಕ್ ತಿರುಗಿಸಿದರು. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಬಂದು ನನ್ನ ಹಿಂದೆ ಕೂತುಬಿಟ್ಟರು. ಬಾಗೇವಾಡಿ ಮುಟ್ಟುವವರೆಗೆ ಡಬ್ಬಿಯೊಳಗಿನ ನಡುಕ ನನ್ನ ತೊಡೆಗೆ ತಿಳಿಯುತ್ತಿತ್ತು.

ದನದ ದವಾಖಾನೆಯ ಡಾಕ್ಟರು ಬಾಗಿಲು ಹಾಕಿಕೊಂಡು ಹೊರಡುವ ತಯಾರಿಯಲ್ಲಿದ್ದರು. ಡಬ್ಬಿ ತೆರೆದು ನೋಡಿ ಹಿಂದೆ ಸರಿದರು.

"ಟೀಚರ್, ನಾ ಎಮ್ಮಿ, ಆಕಳ ನೋಡಾಂವ್ರಿ. ಇದನ್ನ ಜನ್ಮದಾಗ ನೋಡಿಲ್ಲ."

"ಎಣ್ಣಿ ಹೊಡದ ಕೀಡಿ ತಿಂದಾವ್ರಿ."

ಆ ಮಾತಿಗೆ ಅವರ ಮುಖ ಬದಲಾಯಿತು. ಎಣ್ಣಿ ಕುಡಿದ ದನ ಅವರಿಗೆ ಹೊಸದಲ್ಲ. "ಮದ್ದು ನನ್ನ ಹತ್ರ ಐತ್ರಿ. ಆದ್ರ ಒಂದು ಹನಿ ಹೆಚ್ಚಾದ್ರ ಮದ್ದ ಕೊಲ್ಲತೈತಿ. ಗ್ರಾಂ ಲೆಕ್ಕದಾಗ ತೂಕ ಬೇಕು. ಇಲ್ಲಿರೋದು ಕುರಿ ತೂಗೂ ಕಾಟಾ. ಪತ್ತಾರನ ಅಂಗಡಿಗೆ ಓಡ್ರಿ. ನಾ ಅಷ್ಟರಾಗ ತಿಳಿದವರಿಗೆ ಫೋನ್ ಮಾಡಿ ಕೇಳತೇನಿ."

ಬಜಾರದ ಮೂಲೆಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರನ ಅಂಗಡಿ. ಅವನು ಡಬ್ಬಿಯೊಳಗೆ ಇಣುಕಿ, ಗಾಜಿನ ಗೂಡಿನಲ್ಲಿದ್ದ ಕಾಟಾದ ಮೇಲೆ ಎರಡೂ ಕೈ ಅಡ್ಡ ಇಟ್ಟ.

"ಆಗಂಗಿಲ್ಲ ಟೀಚರ್. ತಾಳಿ ತೂಗೂ ಕಾಟಾ ಇದು. ಇದರ ಮ್ಯಾಲ ಹಲ್ಲಿ ಇಟ್ಟೇನಂತ ಗೊತ್ತಾದ್ರ ಯಾರು ನನ್ನ ಅಂಗಡಿ ಕಟ್ಟಿ ಹತ್ತತಾರ?"

ನಾನು ಸಿಟ್ಟಿಗೆದ್ದೆ. ನಿನಗೆ ಕರುಳಿಲ್ಲವೇ, ಮನುಷ್ಯನೋ ಕಲ್ಲೋ ಎಂದು ಕೂಗಾಡಿದೆ. ಕೂಗಿದಷ್ಟೂ ಅವನು ಬಿಗಿಯಾದ. ಹಾದಿಯವರು ನಿಂತು ನೋಡತೊಡಗಿದರು, ಅದರಿಂದ ಅವನಿಗೆ ಮತ್ತಷ್ಟು ಅಂಜಿಕೆಯಾಯಿತು. ಕೆಲಸ ಕೆಡಿಸಿದ್ದು ನನ್ನ ಬಾಯಿ.

ಆಗ ಅತ್ತೆ ಬರಿಗಾಲಲ್ಲಿ ಕಟ್ಟೆ ಹತ್ತಿ ಅವನ ಎದುರಿಗೆ ಕೂತರು. ದನಿ ಏರಿಸಲಿಲ್ಲ.

"ಪತ್ತಾರ, ಕಂಚಿ ಗುಡ್ಯಾಗ ಬಂಗಾರದ ಹಲ್ಲಿ ಐತಿ. ಮುಟ್ಟಿದ್ರ ದೋಷ ಹೋಗತೈತಂತ ಮಂದಿ ಪಾಳಿ ಹಚ್ಚಿ ನಿಂದ್ರತಾರ. ಹೌದಿಲ್ಲೋ?"

"ಹೌದ್ರಿ ಆಯಿ."

"ಅದನ್ನ ಮಾಡಿದಾಂವ ನಿನ್ನಂಥ ಪತ್ತಾರನ ಇರಬೇಕಲ್ಲ. ಅಂವ ಹಲ್ಲಿ ತೂಗದನ ಮಾಡಿದ್ನೇನು?"

ಪತ್ತಾರ ಸರ ಸುತ್ತಿಕೊಡುವ ಗುಲಾಬಿ ಕಾಗದದ ಒಂದು ಹಾಳೆ ಹರಿದು ಕಾಟಾದ ಮೇಲೆ ಹಾಸಿದ.

ದೊಡ್ಡದನ್ನು ಇಟ್ಟೆವು. ಅದು ನಡುಗುತ್ತಿದ್ದರಿಂದ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಐವತ್ತೊಂದು, ಐವತ್ತಮೂರು, ಮತ್ತೆ ಐವತ್ತು. ನಡುಕ ನಿಲ್ಲಲಿ, ಅಂಕಿ ಸಿಗಲಿ ಎಂದು ಕಾದೆ; ನಿಂತೇಬಿಟ್ಟರೆ ಹೇಗೆ ಎಂದು ಅಂಜಿದೆ. ಪತ್ತಾರ ಮೂಗಿನ ತುದಿಗೆ ಚಾಳೀಸು ಇಳಿಸಿ ಕಣ್ಣು ಮಿಟುಕಿಸದೆ ಕೂತ. "ಐವತ್ತೆರಡು ಅನ್ರಿ," ಅಂದ ಕೊನೆಗೆ. ಸಣ್ಣದು ಇಪ್ಪತ್ತೊಂದು. ಅದೇ ಗುಲಾಬಿ ಕಾಗದದ ಮೇಲೆ ಬರೆದುಕೊಟ್ಟ. ನಾನು ಓಡಿದೆ.

ಡಾಕ್ಟರು ಫೋನಿನಲ್ಲಿ ಕೇಳಿ ತಿಳಿದ ಲೆಕ್ಕದಂತೆ ಎಮ್ಮೆಗೆ ಚುಚ್ಚುವ ಮದ್ದನ್ನು ನೀರಿನಲ್ಲಿ ತೆಳುಮಾಡಿ, ಸಕ್ಕರೆ ಕಾಯಿಲೆಯವರು ಬಳಸುವ ಸಣ್ಣ ಸೂಜಿಗೆ ಎಳೆದರು. ಮೊದಲು ದೊಡ್ಡದಕ್ಕೆ, ಆಮೇಲೆ ಸಣ್ಣದಕ್ಕೆ. ನಂತರ ಒಂದು ಕಾಗದ ತೆಗೆದು ಕೇಳಿದರು: "ಎಷ್ಟು ಕೀಡಿ ತಿಂದಾವು? ಯಾರು ತಿನಿಸಿದ್ರಿ?"

ಅತ್ತೆ ನನ್ನ ಹಿಂದೆ ನಿಂತಿದ್ದರು. "ನಾನ್ರಿ," ಅಂದೆ ನಾನು. "ದೊಡ್ಡದು ಎಂಟ್ಹತ್ತು, ಸಣ್ಣದು ಒಂದೋ ಎರಡೋ." ಆ ಲೆಕ್ಕವೂ ನನ್ನ ಊಹೆಯೇ. ಡಾಕ್ಟರು ನನ್ನನ್ನು ಬೈದರು. ಓದಿದವರಾಗಿ ಇಷ್ಟು ತಿಳಿಯಬಾರದೇ ಅಂದರು. ಜೀವನದಲ್ಲಿ ಮೊದಲ ಸಲ ತಿರುಗಿ ಮಾತಾಡದೆ ಬೈಸಿಕೊಂಡೆ.

ತಾಸಿನ ಮೇಲೆ ಹೊತ್ತು ಹೋಯಿತು. ಸೊಟ್ಟ ಕಾಲಿನ ಸಣ್ಣದು ಉಳಿಯುವುದಿಲ್ಲ ಎಂದೇ ನನಗೆ ಅನ್ನಿಸಿತ್ತು, ಕಣ್ಣೆಲ್ಲ ಅದರ ಮೇಲೆಯೇ ಇತ್ತು. ಅದರ ಜೊಲ್ಲು ನಿಂತಿತು, ರೆಪ್ಪೆ ಬಿಚ್ಚಿತು. ನಾನು ಉಸಿರು ಬಿಡುವ ಹೊತ್ತಿಗೆ ಡಾಕ್ಟರು ಮೆತ್ತಗೆ, "ದೊಡ್ಡದು ಹೋತ್ರಿ ಟೀಚರ್," ಅಂದರು. ಹೊಟ್ಟೆ ತುಂಬ ತಿಂದದ್ದು ಅದೇ.

ದವಾಖಾನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತೆವು. ಗಂಡ ಬೈಕ್ ತರಲು ಹೋಗಿದ್ದರು. ದೊಡ್ಡದನ್ನು ನನ್ನ ಕರವಸ್ತ್ರದಲ್ಲಿ ಸುತ್ತಿ ಹಿಡಿದಿದ್ದೆ, ಸಣ್ಣದರ ಡಬ್ಬಿ ಅತ್ತೆಯ ತೊಡೆಯ ಮೇಲಿತ್ತು.

"ಸುಳ್ಳ ಯಾಕ ಹೇಳಿದಿ?" ಅಂದರು ಅತ್ತೆ.

"ನೀವೇನ ಬೇಕಂತ ಹಾಕೀರೇನ್ರಿ?"

ಅವರು ನನ್ನ ಕಡೆ ನೋಡದೆ ಹೇಳಿದರು: "ಜೀವ ಗಟ್ಟಿ ಇದ್ದ ಕೀಡಿ ಅಷ್ಟು ಲಗೂನ ಗಿಡಾ ಬಿಡಂಗಿಲ್ಲ ಯವ್ವಾ. ಜಾಡಿಸಿ ಜಾಡಿಸಿ ಕೈ ಸೋಲತಾವು. ಇವತ್ತ ಮುಟ್ಟೂದ್ರಾಗ ಅರೆಜೀವ ಆಗಿ ಒದ್ದಾಡಕೋತ ರಪರಪ ಉದುರಿದ್ವು. ಐವತ್ತು ವರ್ಷ ತೊಗರಿ ಮಾಡಿದ ಕೈ ಇದು. ತಿಳೀಬೇಕಿತ್ತು. ಭಾಳ ಸಿಕ್ಕಾವು, ಹೊಟ್ಟಿ ತುಂಬ ಹಾಕಬೇಕು ಅಂತ ಹಿಗ್ಗಿನಾಗ ನಾ ನೋಡಲೇ ಇಲ್ಲ."

ಸಣ್ಣದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅತ್ತೆ ಡಬ್ಬಿಯ ಮುಚ್ಚಳ ಸರಿಸಿ ಬೆರಳು ಒಳಗಿಟ್ಟರು. ಅದು ಕಷ್ಟಪಟ್ಟು ತಲೆ ಎತ್ತಿತು. ತನಗೆ ತಿನ್ನಲು ತಂದಿದ್ದಾರೆ ಎಂದುಕೊಂಡು ಆ ಬೆರಳಿನ ಕಡೆ ಬಾಯಿ ತೆರೆಯಿತು. ಅತ್ತೆ ಕೈಯನ್ನು ಹಿಂದಕ್ಕೆಳೆದು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.