ಅಮಾವಾಸ್ಯೆಗೆ ಕಾದ ಸಮುದ್ರ

ಶೋದೋಶಿಮಾ ದ್ವೀಪದಲ್ಲಿ ಹಡಗಿನಿಂದ ಇಳಿದವರಿಗೆ ಮೊದಲು ಕಾಣುವುದು ಬಂದರಿನ ದೊಡ್ಡ ಚಿತ್ರಫಲಕ. ಅದರಲ್ಲಿ ಬಿಳಿಯ ಗಾಳಿಗಿರಣಿ, ಆಲಿವ್ ತೋಪು, ಹಿಂದೆ ನೀಲಿ ಸಮುದ್ರ. ಮಳೆ ಕಡಿಮೆ, ಬಿಸಿಲು ಹೆಚ್ಚು, ಆಲಿವ್ ಬೆಳೆಯುತ್ತದೆ. ಹಾಗಾಗಿ ಇದನ್ನು ಜಪಾನಿನ ಮೆಡಿಟರೇನಿಯನ್ ಎನ್ನುತ್ತಾರೆ ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು ಫಲಕವನ್ನೂ ನನ್ನನ್ನೂ ನೋಡಿದಳು.

“ಬಿಸಿಲು ನೋಡೋಕೆ ಇಷ್ಟು ದೂರ ಬರ್ಬೇಕಿತ್ತೇನೇ? ರಾಯಚೂರಿಗೆ ಹೋಗಿದ್ರೆ ಆಗ್ತಿತ್ತು.”

ಅಕ್ಕನ ಮಗಳು ಆಗಲೇ ಫಲಕದ ಪಕ್ಕದ ಕಾರಂಜಿಯ ನೀರಿಗೆ ಕೈ ಹಾಕಿದ್ದಳು.

ಅಮ್ಮ ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದು, ಟೋಕಿಯೋದ ಓಜಿಮಾದಲ್ಲಿರುವ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಭಾವ ಇಬ್ಬರಿಗೂ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದ್ದುದರಿಂದ ರಜೆ ಸಿಗಲಿಲ್ಲ. ನಾನು ಕೋಬೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆಗಸ್ಟ್ ನಡುವೆ ಹಿರಿಯರ ಹಬ್ಬವಾದ ಓಬೋನ್‌ಗೆ ನಮ್ಮ ಲ್ಯಾಬ್ ಮುಚ್ಚಿರುತ್ತದೆ. ಹೀಗೆ ಅಮ್ಮನನ್ನೂ ಒಂಬತ್ತು ವರ್ಷದ ಆ ಹುಡುಗಿಯನ್ನೂ ನಾಲ್ಕು ರಾತ್ರಿಗೆ ದ್ವೀಪಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹದಿಮೂರಕ್ಕೆ ಬಂದಿದ್ದೆವು, ಹದಿನೇಳರ ಬೆಳಿಗ್ಗೆ ಹೊರಡಬೇಕಿತ್ತು. ಅದಾದ ಮೂರನೇ ದಿನ ಅಮ್ಮನ ವಿಮಾನ.

ಹುಡುಗಿ ಬಂದದ್ದು ಒಂದೇ ಉದ್ದೇಶಕ್ಕೆ. ಇಲ್ಲಿನ ಶಾಲೆಗಳಲ್ಲಿ ಈಜು ಪಾಠದ ಭಾಗ. ಆ ವರ್ಷ ಅವಳು ಇಪ್ಪತ್ತೈದು ಮೀಟರ್ ಪರೀಕ್ಷೆ ಪಾಸಾಗಿದ್ದಳು. ಅಜ್ಜಿಯ ಜೊತೆ ಅವಳಿಗೆ ಮಾತು ಅಷ್ಟಾಗಿ ಸಾಗುತ್ತಿರಲಿಲ್ಲ. ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತಿತ್ತು. ಎರಡೂವರೆ ತಿಂಗಳಲ್ಲಿ ಅಜ್ಜಿ ಅವಳಿಗೆ ರಂಗೋಲಿ, ಎರಡು ಶ್ಲೋಕ, ಚಪಾತಿ ಲಟ್ಟಿಸುವುದು ಕಲಿಸಿದ್ದಳು. ಈಗ ತನ್ನ ಸರದಿ ಎಂದು ಅವಳು ತೀರ್ಮಾನಿಸಿದ್ದಳು. ಅಜ್ಜಿಯನ್ನು ನೀರಿನ ಮೇಲೆ ಅಂಗಾತ ತೇಲಿಸುವುದು ಹೇಗೆಂದು ರೈಲಿನಲ್ಲೂ ಹಡಗಿನಲ್ಲೂ ನನಗೆ ತೋರಿಸಿದ್ದಳು: ಒಂದು ಕೈ ಬೆನ್ನ ಕೆಳಗೆ, ಒಂದು ಕೈ ತಲೆಯ ಕೆಳಗೆ.

ನಮ್ಮ ವಸತಿಗೃಹದಿಂದ ಕಡಲತೀರಕ್ಕೆ ಐದು ನಿಮಿಷ. ದ್ವೀಪದ ಸುತ್ತಲಿನ ಸೇತೋ ಒಳಗಡಲಿಗೆ ಅಲೆಗಳೇ ಇಲ್ಲವೆನ್ನಬೇಕು. ಕೆರೆಯ ಅಂಚಿನಂತೆ ಸುಮ್ಮನೆ ಮರಳನ್ನು ತೋಯಿಸಿ ಹೋಗುತ್ತದೆ. ಮೊದಲ ಸಂಜೆ ಹುಡುಗಿ ಶಾಲೆಯ ನೀಲಿ ಈಜುಡುಗೆ, ಟೋಪಿ, ಕನ್ನಡಕ ಎಲ್ಲ ಹಾಕಿಕೊಂಡು ಅಜ್ಜಿಯ ಕೈ ಎಳೆದಳು. ಅಮ್ಮ ಒದ್ದೆ ಮರಳಿಗಿಂತ ಎರಡು ಹೆಜ್ಜೆ ಹಿಂದೆಯೇ ನಿಂತಳು.

“ಇವತ್ತಲ್ಲ ಪುಟ್ಟಿ. ಪರ್ವಕಾಲ ಅಲ್ದೆ ಸಮುದ್ರ ಮುಟ್ಟಬಾರ್ದು. ಹದಿನಾರನೇ ತಾರೀಖು ಅಮಾವಾಸ್ಯೆ. ಅವತ್ತು ಇಳೀತೀನಿ.”

“ವೈ? ವಿಲ್ ದ ಸೀ ಗೆಟ್ ಆಂಗ್ರಿ?”

“ಕೋಪ ಗೀಪ ಏನಿಲ್ಲ. ನಮ್ಮಜ್ಜಿ ಹೇಳಿದ್ದು. ಗೋಕರ್ಣಕ್ಕೆ ಹೋದ್ರೂ ನಾನು ದೂರದಿಂದ್ಲೇ ಕೈ ಮುಗಿದು ಬಂದಿದೀನಿ.”

“ಪ್ರಾಮಿಸ್? ಹದಿನಾರು?”

“ಹದಿನಾರು. ಅಧಿಕ ಮಾಸದ ಅಮಾವಾಸ್ಯೆ ಬೇರೆ. ಒಳ್ಳೇದು.”

ಹುಡುಗಿ ಬೆರಳು ಮಡಿಸಿ ಎಣಿಸಿದಳು. ಮೂರು ದಿನ ಅವಳಿಗೆ ಸಹ್ಯವಾಗಿ ಕಂಡಿರಬೇಕು. ಒಬ್ಬಳೇ ನೀರಿಗೆ ಓಡಿದಳು. ನಾನು ಸೊಂಟದುದ್ದದ ನೀರಿನಲ್ಲಿ ಕಾವಲು ನಿಂತೆ. ಅಮ್ಮ ಕೊಡೆ ಹಿಡಿದು ದಡದಲ್ಲಿ ಕೂತಿದ್ದಳು. ನೀರು ಸ್ವಲ್ಪ ಮುಂದೆ ಬಂದರೆ ಕೂತಲ್ಲಿಂದಲೇ ಹಿಂದೆ ಸರಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಆಲಿವ್ ತೋಪಿಗೆ ಹೋದೆವು. ಒಂಬತ್ತಕ್ಕೇ ನೆಲ ಕಾದಿತ್ತು, ಜೀರುಂಡೆಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗಾಳಿಗೆ ಉದುರಿದ್ದ ಹಸಿರು ಕಾಯಿಗಳನ್ನು ಅಮ್ಮ ಬಗ್ಗಿ ಆರಿಸಿಕೊಂಡಳು. ಮಾವಿನ ಮಿಡಿಗಿಂತ ಚಿಕ್ಕದು, ಅಷ್ಟೇ ಗಟ್ಟಿ. ನಾನು ಬೇಡ ಎನ್ನುವುದರೊಳಗೆ ಒಂದನ್ನು ಕಚ್ಚಿ ಆಗಿತ್ತು. ಅವಳು ಉಗುಳಲಿಲ್ಲ, ಸುತ್ತ ಜನರಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು.

“ಹಾಗಲಕಾಯಿ ಇದರ ಮುಂದೆ ಬೆಲ್ಲ,” ಎಂದಳು ಕಣ್ಣೊರೆಸಿಕೊಂಡು. “ಇದನ್ನ ಇವರು ಏನ್ ಮಾಡಿ ತಿಂತಾರೆ ಕೇಳು.”

ಹುಡುಗಿ ನೆಲದ ಮೇಲೆ ಕೂತು ನಗುತ್ತಿದ್ದಳು. ಅಷ್ಟು ನಕ್ಕದ್ದನ್ನು ನಾನು ಓಜಿಮಾದಲ್ಲಿ ನೋಡಿರಲಿಲ್ಲ.

ವಸತಿಗೃಹದ ಒಡತಿ ಎಪ್ಪತ್ತು ದಾಟಿದವರು. ಓಕಾಮಿ-ಸಾನ್, ಅಂದರೆ ಒಡತಿಯಮ್ಮ, ಎಂದು ಕರೆಯುತ್ತಿದ್ದೆವು. ಮೀನಿನ ಸಾರು ಸೇರದ ಅಡುಗೆ ಬೇಕೆಂದಾಗ ಅವರು ಮುಖ ಸಿಂಡರಿಸದೆ, ದ್ವೀಪದ ಶಾವಿಗೆಯನ್ನು ತಣ್ಣೀರಲ್ಲಿ ತೊಳೆದು ಬರೀ ಸೋಯಾ ಸಾಸ್, ಶುಂಠಿಯೊಂದಿಗೆ ಕೊಟ್ಟಿದ್ದರು. ಅಮ್ಮ ಅದಕ್ಕೆ ನಿಂಬೆಹಣ್ಣು ಹಿಂಡಿ, ತಾನು ತಂದಿದ್ದ ಚಟ್ನಿಪುಡಿ ಉದುರಿಸಿ ಕಲಸಿದಳು. ಒಡತಿ ಒಂದು ಎಳೆ ರುಚಿ ನೋಡಿ ಕೆಮ್ಮಿ, ಮತ್ತೆ ಬಟ್ಟಲು ಚಾಚಿದರು. ಅವರ ಮನೆಯ ಪೀಠದಲ್ಲಿ ಸತ್ತ ಹಿರಿಯರ ಫೋಟೋ, ದೀಪ, ಹಣ್ಣು, ಒಂದು ಬಟ್ಟಲು ಅನ್ನ ಇದ್ದವು. “ಎಡೆ ಇಟ್ಟಿದಾರೆ,” ಎಂದಳು ಅಮ್ಮ, ಪರಿಚಿತರನ್ನು ಕಂಡವಳಂತೆ. “ಪಿತೃಪಕ್ಷ ಇವರಿಗೆ ಒಂದೂವರೆ ತಿಂಗಳು ಮುಂಚೆ.”

ಅವತ್ತು ರಾತ್ರಿಯೂಟದ ಹೊತ್ತಿಗೆ ಹುಡುಗಿ ಹದಿನಾರನೇ ತಾರೀಖಿನ ಯೋಜನೆಯನ್ನು ಒಡತಿಗೆ ಜಪಾನಿಯಲ್ಲಿ ಹೇಳಿದಳು. ಅವರ ಕೈಯ ತಟ್ಟೆ ಅಲ್ಲೇ ನಿಂತಿತು. ನಂತರ ನನ್ನ ಕಡೆ ತಿರುಗಿ ಮೆಲ್ಲಗೆ, ಕ್ಷಮೆ ಕೇಳುತ್ತ, ಆದರೆ ಸ್ಪಷ್ಟವಾಗಿ ಹೇಳಿದರು. ನಾನು ಹಾಗೇ ಅನುವಾದಿಸಿದೆ: ಹದಿನಾರರಂದು ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ಮನೆಗೆ ಬಂದ ಹಿರಿಯರು ಹಿಂದಿರುಗುವ ದಿನ ಅದು. ನೀರಿಗಿಳಿದವರ ಕಾಲು ಹಿಡಿದು ಜೊತೆಗೆ ಕರೆದೊಯ್ಯುತ್ತಾರೆ. ಅಲ್ಲದೆ ಈ ಹೊತ್ತಿಗೆ ಲೋಳೆಮೀನುಗಳು, ಅಂದರೆ ಜೆಲ್ಲಿಫಿಶ್, ಬರಲು ಶುರುವಾಗುತ್ತವೆ, ಕುಟುಕಿದರೆ ಉರಿ.

ಅಮ್ಮ ವಾದಿಸುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯಾಡಿಸಿದಳು.

“ಹಂಗಾದ್ರೆ ಬೇಡ. ಅವರ ಊರು, ಅವರ ಸಮುದ್ರ. ಅವರ ಹಿರಿಯರು ಓಡಾಡೋ ದಿನ ನಾವು ಅಡ್ಡ ಹೋಗಬಾರ್ದು.”

ತನ್ನ ಅಜ್ಜಿಯ ಮಾತನ್ನು ಪಾಲಿಸುವವಳಿಗೆ ಇನ್ನೊಬ್ಬರ ಅಜ್ಜಿಯ ಮಾತನ್ನು ತಳ್ಳಿಹಾಕುವುದು ಸಾಧ್ಯವಿರಲಿಲ್ಲ. ಹುಡುಗಿಗೆ ಇದು ಹೇಗೆ ಅರ್ಥವಾಗಬೇಕು? ಅವಳು ಅಳಲಿಲ್ಲ. ಬಟ್ಟಲನ್ನು ಸಿಂಕಿನಲ್ಲಿಟ್ಟು ಹೋಗಿ ಮಲಗಿದಳು.

ಹದಿನೈದರ ಬೆಳಿಗ್ಗೆ ಸಮುದ್ರಕ್ಕೆ ಬರುವುದಿಲ್ಲ ಎಂದಳು. ಚಾಪೆಯ ಮೇಲೆ ಫ್ಯಾನಿನ ಎದುರು ಬೋರಲು ಮಲಗಿ, ಅದರ ಬಾಯಿಗೆ ಏನೋ ಗೊಣಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ಜಪಾನಿಯಲ್ಲಿ ಒಂದು ವಾಕ್ಯ ಹೇಳಿ ಗೋಡೆಯ ಕಡೆ ಹೊರಳಿದಳು.

“ಏನಂದ್ಲು?” ಅಮ್ಮ ಕೇಳಿದಳು.

ಸ್ವಲ್ಪ ಮೃದುಗೊಳಿಸಬಹುದಿತ್ತು. ಅದು ನನಗೆ ಬರುವುದಿಲ್ಲ. “ಅಜ್ಜಿಗೆ ಮೊದ್ಲಿಂದ್ಲೂ ನನ್ ಜೊತೆ ಬರೋ ಮನಸ್ಸೇ ಇರ್ಲಿಲ್ಲ, ಅಂದ್ಲು.”

ಅಮ್ಮ ಕಿಟಕಿಯ ಬಿದಿರಿನ ಪರದೆಯನ್ನು ಸರಿಮಾಡಿದಳು, ಒಣಗಿದ್ದ ಟವೆಲನ್ನು ಮಡಿಸಿದಳು, ಮತ್ತೆ ಬಿಡಿಸಿ ಮಡಿಸಿದಳು. ಆಮೇಲೆ ಚೀಲದಿಂದ ಪಂಚಾಂಗ ತೆಗೆದು ಬಾಗಿಲ ಬೆಳಕಿಗೆ ಕೂತಳು. ತಣ್ಣನೆಯ ಬಾರ್ಲಿ ಚಹಾ ಅವಳ ಪಕ್ಕದಲ್ಲಿ ಬೆಚ್ಚಗಾಗುತ್ತಿತ್ತು. ಬಹಳ ಹೊತ್ತಾದ ಮೇಲೆ ನನ್ನನ್ನು ಕರೆದಳು.

“ನಮ್ಮೂರಿಗೂ ಇಲ್ಲಿಗೂ ಎಷ್ಟು ಗಂಟೆ ವ್ಯತ್ಯಾಸ?”

“ಮೂರೂವರೆ. ಇಲ್ಲಿ ಮುಂದೆ.”

“ಇವತ್ತು ಚತುರ್ದಶಿ ಹನ್ನೆರಡೂ ಮುಕ್ಕಾಲಿಗೆ ಮುಗಿಯತ್ತೆ ಅಂತ ಬರ್ದಿದಾನೆ. ಅದು ಅಲ್ಲಿನ ಹೊತ್ತಲ್ವಾ?”

ಎರಡೂವರೆ ತಿಂಗಳಿಂದ ಅವಳು ಟೋಕಿಯೋದಲ್ಲಿ ಕೂತು ಪಂಚಾಂಗದ ಮೈಸೂರಿನ ಹೊತ್ತನ್ನೇ ಹಿಡಿದು ಏಕಾದಶಿ ಮಾಡಿದ್ದಳು. ದಿನಕ್ಕೆ ಹತ್ತು ಸಲ ಸಮಯವಲಯ ಲೆಕ್ಕ ಹಾಕಿ ಮನೆಗೆ ಫೋನ್ ಮಾಡುವ ನಮಗ್ಯಾರಿಗೂ ಪಂಚಾಂಗಕ್ಕೂ ಆ ಲೆಕ್ಕ ಬೇಕೆಂದು ಹೊಳೆದಿರಲಿಲ್ಲ. ನಾನು ಕೂಡಿಸಿದೆ.

“ಇಲ್ಲಿ ನಾಲ್ಕೂ ಕಾಲಿಗೆ ಅಮಾವಾಸ್ಯೆ ಶುರು. ಇವತ್ತೇ. ಆದ್ರೆ ಅಮ್ಮ, ಸ್ನಾನಕ್ಕೆ ಸೂರ್ಯೋದಯಕ್ಕಿರೋ ತಿಥಿ ಬೇಕು ಅಂತ ನೀನೇ...”

“ಹಿರಿಯರ ಕೆಲಸಕ್ಕೆ ಮಧ್ಯಾಹ್ನದ ಮೇಲಿನ ತಿಥಿ ನೋಡೋದಿದೆ. ನೀನು ನಂಗೆ ಹೇಳ್ಕೊಡ್ಬೇಡ. ಹೋಗಿ ಅವರನ್ನ ಕೇಳು, ಇವತ್ತಾದ್ರೆ ಅಡ್ಡಿ ಇಲ್ವಾ ಅಂತ.”

ಒಡತಿ ಅಂಗಳದಲ್ಲಿ ಸೌಟಿನಿಂದ ನೀರು ಚಿಮುಕಿಸುತ್ತಿದ್ದರು. ನಾನು ತಿಥಿ, ಗಂಟೆ, ಅಮ್ಮನ ಅಜ್ಜಿ ಎಲ್ಲವನ್ನೂ ಜಪಾನಿಯಲ್ಲಿ ವಿವರಿಸಿದೆ. ಯಾವ ಸೆಮಿನಾರಿನಲ್ಲೂ ನನಗೆ ಅಷ್ಟು ಕಷ್ಟವಾಗಿಲ್ಲ. ಅವರು ಸೌಟು ಹಿಡಿದು ಯೋಚಿಸಿದರು. ನಂತರ ಒಳಗಿನ ಪೀಠದ ಕಡೆ ನೋಡಿದರು.

“ಇವತ್ತು ಅವರೆಲ್ಲ ಮನೆಯಲ್ಲೇ ಇದ್ದಾರೆ. ಊಟ ಮಾಡ್ತಿದ್ದಾರೆ. ಸಮುದ್ರದಲ್ಲಿ ಯಾರೂ ಇಲ್ಲ. ಲೋಳೆಮೀನು ಇದೆಯಾ ಅಂತ ಮಾತ್ರ ನಾನು ಬಂದು ನೋಡ್ತೀನಿ.”

ನಾಲ್ಕಕ್ಕೆ ಅಮ್ಮ ಅಕ್ಕನ ಹಳೆಯ ಚೂಡಿದಾರದಲ್ಲಿ ಹೊರಬಂದಳು. ಹುಡುಗಿ ಎದ್ದು ಕೂತಳು, ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. “ಹೊಂತೋನಿ?” ಎಂದಳು. ನಿಜವಾಗಿಯೂ? ಎಂದರ್ಥ, ಅಮ್ಮ ಅಷ್ಟು ಜಪಾನಿ ಕಲಿತಿದ್ದಳು.

“ನಿಜ್ವಾಗ್ಲೂ. ಬೇಗ ಬಟ್ಟೆ ಹಾಕ್ಕೋ, ನಿನ್ನ ಟೀಚರ್ ಜಂಬ ಆಮೇಲೆ.”

ಒಡತಿ ಕಲ್ಲುಕಟ್ಟೆಯ ತುದಿಯವರೆಗೆ ನಡೆದು ನೀರನ್ನು ನೋಡಿ, ಅಲ್ಲಿಂದಲೇ ಎರಡೂ ಕೈಗಳಿಂದ ತಲೆಯ ಮೇಲೆ ದೊಡ್ಡ ಸೊನ್ನೆ ಮಾಡಿ ತೋರಿಸಿದರು. ಸರಿ ಎಂದು. ತೀರದಲ್ಲಿ ಬೇರೆ ಯಾರೂ ಇರಲಿಲ್ಲ. ನಾಲ್ಕೂ ಕಾಲಾಯಿತು ಎಂದು ನಾನು ಹೇಳುವವರೆಗೆ ಅಮ್ಮ ಒಣ ಮರಳಿನಲ್ಲೇ ನಿಂತಳು. ಆಮೇಲೆ ನೀರನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಸಂಕಲ್ಪ ಶುರುಮಾಡಿದಳು. ದೇಶದ ಹೆಸರು ಬರುವಲ್ಲಿ ತಡೆದು ನನ್ನ ಮುಖ ನೋಡಿದಳು, ನನಗೂ ಗೊತ್ತಿರಲಿಲ್ಲ. “ಜಪಾನ್ ದೇಶೇ,” ಎಂದು ತಾನೇ ಮುಂದುವರಿಸಿದಳು.

ಸೊಂಟಮಟ್ಟದ ನೀರಿನಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕಿದಳು. ಎದ್ದು ದಡದತ್ತ ತಿರುಗುವಷ್ಟರಲ್ಲಿ ಹುಡುಗಿ ಅಡ್ಡ ನಿಂತಿದ್ದಳು.

“ಅಜ್ಜಿ, ದಟ್ಸ್ ನಾಟ್ ಸ್ವಿಮ್ಮಿಂಗ್. ಅದು ಬಾತ್.”

“ಸಾಕು ಬಾರೇ, ಮುಳುಗಿ ಹೋಗ್ತೀನಿ.”

“ನೋ. ಮಲ್ಕೋ. ಆಕಾಶ ನೋಡು. ಹೊಟ್ಟೆ ಮೇಲೆ. ಇನ್ನೂ ಮೇಲೆ! ಕತ್ತು ಟೈಟ್ ಮಾಡ್ಬೇಡ.”

ಅಮ್ಮ ಎರಡು ಸಲ ಕಾಲೂರಿ ಎದ್ದಳು, ಉಪ್ಪುನೀರು ಕುಡಿದಳು, ದೇವರನ್ನು ಕರೆದಳು. ಮೂರನೆಯ ಸಲ ಕಾಲ್ಬೆರಳುಗಳು ನೀರಿನ ಮೇಲೆ ಬಂದವು. ಚೂಡಿದಾರ ಉಬ್ಬಿ ಸುತ್ತ ಹರಡಿತು. ಹುಡುಗಿ ಒಂದು ಕೈ ಬೆನ್ನ ಕೆಳಗೆ, ಒಂದು ಕೈ ತಲೆಯ ಕೆಳಗೆ ಇಟ್ಟು, ತುಟಿ ಬಿಗಿಹಿಡಿದು, ಚಪಾತಿ ಲಟ್ಟಿಸುವಾಗಿನ ಗಮನದಿಂದ ನಿಂತಿದ್ದಳು. ನಾನು ಟವೆಲ್ ಹಿಡಿದು ಮೊಣಕಾಲು ನೀರಿನಲ್ಲಿದ್ದೆ.

“ಹಿಡ್ಕೊಂಡಿದೀಯಾ?” ಅಮ್ಮ ಆಕಾಶಕ್ಕೆ ಕೇಳಿದಳು.

“ಹಿಡ್ಕೊಂಡಿದೀನಿ ಅಜ್ಜಿ. ನೀನು ಸುಮ್ನಿರು. ನಾನು ಬಿಡಲ್ಲ.”

ಅವಳು ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ಕೇಳಿ ನಾನು ತಲೆಯೆತ್ತಿದೆ. ಅವಳ ಎರಡೂ ಕೈಗಳು ನೀರಿನಿಂದ ಮೇಲೆ, ಭುಜದೆತ್ತರದಲ್ಲಿ, ನನ್ನ ಕಡೆ ಬೀಸುತ್ತಿದ್ದವು. ಮುಖದ ತುಂಬ ನಗು, ಸದ್ದಿಲ್ಲ.

ಅಮ್ಮ ನೀರಿನ ಮೇಲೆ ಒಬ್ಬಳೇ ಇದ್ದಳು.

“ನೋಡೇ,” ನನ್ನನ್ನು ಕೂಗಿದಳು, ಕತ್ತು ತಿರುಗಿಸುವ ಧೈರ್ಯವಿಲ್ಲದೆ. “ಅವ್ಳು ಹಿಡ್ಕೊಂಡಿದಾಳೆ ತಾನೆ?”

“ಹಿಡ್ಕೊಂಡಿದಾಳೆ ಅಮ್ಮ,” ಎಂದೆ. “ಗಟ್ಟಿಯಾಗಿ ಹಿಡ್ಕೊಂಡಿದಾಳೆ.”